ರಕೂನ್ ಕಾಟಕ್ಕೆ ತಗಡಿನ ಕೊಳವೆ: ಫೀಡರ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ

ನ್ಯೂಜೆರ್ಸಿಯಲ್ಲಿ ಮನೆ ಹಿಂದೆ ಕಂಬಕ್ಕೆ ಫೀಡರ್ (ಕಾಳು ತುಂಬಿಡುವ ಡಬ್ಬಿ) ತೂಗುಹಾಕಿ ಹಕ್ಕಿಗಳಿಗೆ ಕಾಳು ಹಾಕುವವರು ಕೇಳುತ್ತಲೇ ಇರುತ್ತಾರೆ, ರಾತ್ರಿ ಕಾಳು ಕದಿಯಲು ಬರುವ ರಕೂನ್ ಎಂಬ ಕಾಡುಪ್ರಾಣಿ ಕಂಬ ಹತ್ತದಂತೆ ತಡೆಯುವ ಈ ರಕೂನ್ ಬ್ಯಾಫಲ್ ನಿಜವಾಗಲೂ ಕೆಲಸ ಮಾಡುತ್ತದಾ ಅಂತ. ಮಾಡುತ್ತದೆ. ಆದರೆ ಕಂಬ ನೆಡುವ ಜಾಗ ಸರಿಯಿಲ್ಲದಿದ್ದರೆ ಸುಮ್ನೆ 40 ಡಾಲರ್ ದಂಡ.

ವಸ್ತು ಏನೂ ಮಹಾ ಅಲ್ಲ. ಸುಮಾರು 8 ಇಂಚು ಅಗಲ, ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಉದ್ದದ ತಗಡಿನ ಕೊಳವೆ. ಮೇಲೆ ಮುಚ್ಚಿರುತ್ತದೆ, ಕೆಳಗೆ ಬಾಯಿ ತೆರೆದಿರುತ್ತದೆ, ಕಂಬ ನಡುವೆ ಹಾದುಹೋಗುತ್ತದೆ. ಕಂಬ ಹತ್ತಿ ಬಂದ ರಕೂನ್ ಒಳಗೆ ತಲೆ ತೂರಿಸಿ, ಮುಂದೆ ದಾರಿ ಇಲ್ಲ ಅಂತ ಗೊತ್ತಾಗಿ ಇಳಿಯಬೇಕು. ಹೊರಗಿನಿಂದ ಅಪ್ಪಿಕೊಂಡು ಹತ್ತೋಣ ಅಂದರೆ ತಗಡು ಜಾರುತ್ತದೆ, ಮೇಲಾಗಿ ಅಲುಗಾಡುತ್ತದೆ. ಅಳಿಲಿಗೆ ಅಂತ ಮಾರುವ ಚಿಕ್ಕ ಛತ್ರಿಯಂಥದ್ದನ್ನು ಕೊಳ್ಳಬೇಡಿ. ದೊಡ್ಡ ರಕೂನ್ ಅದರ ಅಂಚಿಗೇ ಕೈ ಹಾಕಿ ದಾಟುತ್ತದೆ.

ತೂಕ ಬಿದ್ದರೆ ಕಿಂಡಿ ಮುಚ್ಚಿಕೊಳ್ಳುವ ದುಬಾರಿ ಫೀಡರ್‌ಗಳು ಇವೆ ಅಲ್ವಾ, ಅವು ಅಳಿಲಿಗೆ ಸರಿ. ರಕೂನ್‌ಗೆ ಮುಂಗಾಲು ಅಂದರೆ ಕೈಯೇ, ಅದು ಕಿಂಡಿ ಜೊತೆ ಜಗಳ ಆಡುವುದಿಲ್ಲ, ರಾತ್ರಿ ಬಂದು ಕೊಕ್ಕೆಯಿಂದ ಫೀಡರನ್ನೇ ಕಳಚಿ ಎಳೆದುಕೊಂಡು ಹೋಗುತ್ತದೆ, ಬೆಳಿಗ್ಗೆ ಪೊದೆಯಲ್ಲಿ ಸಿಕ್ಕರೆ ನಿಮ್ಮ ಪುಣ್ಯ.

ಕೊಳವೆಯ ಮೇಲ್ತುದಿ ನೆಲದಿಂದ 5 ಅಡಿಯಾದರೂ ಇರಲಿ. ಮರ, ಬೇಲಿ, ಡೆಕ್ಕಿನ ಕಟಕಟೆ ಎಲ್ಲದರಿಂದ ಕಂಬ 10 ಅಡಿ ದೂರ ಇರಲಿ, ಯಾಕೆಂದರೆ ಇಲ್ಲಿನ ಬೂದು ಅಳಿಲು ಅಷ್ಟು ದೂರ ಅಡ್ಡಕ್ಕೆ ಹಾರುತ್ತದೆ. ಟೌನ್‌ಹೌಸ್‌ನವರಿಗೆ ಇಷ್ಟು ಜಾಗ ಎಲ್ಲಿಂದ ಬರಬೇಕು? ಅಂಥವರು ಕತ್ತಲಾಗುವ ಮೊದಲು ಫೀಡರ್ ಒಳಗೆ ತಂದಿಡುವುದೇ ಸುಲಭ.

ನನಗೆ ಬಂದ ಕೊಳವೆಯ ಬಗ್ಗೆ ದೂರೂ ಇದೆ. ಅದನ್ನು ಕಂಬಕ್ಕೆ ಬಿಗಿಯುವ ಹಿಡಿಕೆಯ ಸ್ಕ್ರೂಗಳು ಕಳಪೆ, ಜೋರು ಗಾಳಿಗೆ ಸಡಿಲವಾಗಿ ಕೊಳವೆ ಕೆಳಗೆ ಜಾರಿತು. ಅಂಗಡಿಯಿಂದ ಬೇರೆ ಸ್ಕ್ರೂ ತಂದು ಬಿಗಿದ ಮೇಲೆ ತೊಂದರೆ ಇಲ್ಲ. ಕೆಳಗಿನ ಅಂಚಿನಲ್ಲಿ ಬಣ್ಣ ಎದ್ದು ತುಕ್ಕು ಹಿಡಿಯುತ್ತಿದೆ.

ಪ್ರಾಣಿ ಜಾರಲಿ ಅಂತ ಕಂಬಕ್ಕೆ ಗ್ರೀಸ್ ಮಾತ್ರ ಬಳಿಯಬೇಡಿ. ಹಕ್ಕಿಯ ಗರಿಗೆ ಅಂಟಿದರೆ ಅದರ ಗತಿ ಮುಗಿಯಿತು. ಪ್ರಾಣಿಗಳನ್ನು ದೂರ ಇಡಲು ಖಾರ ಬೆರೆಸಿದ ಕಾಳು ಪರವಾಗಿಲ್ಲ, ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದಿಲ್ಲ, ಊರಲ್ಲಿ ಗಿಳಿ ಮೆಣಸಿನಕಾಯಿ ತಿನ್ನುವುದನ್ನು ನೋಡಿದ್ದೀರಲ್ಲ. ಸೂರ್ಯಕಾಂತಿ ಬದಲು ಕುಸುಬೆ ಕಾಳು ಹಾಕಿದರೂ ನಡೆಯುತ್ತದೆ. ಇಲ್ಲಿನ ಕೆಂಪು ಕಾರ್ಡಿನಲ್ ಹಕ್ಕಿ ಅದನ್ನು ಇಷ್ಟಪಟ್ಟು ತಿನ್ನುತ್ತದೆ, ಅಳಿಲುಗಳಿಗೆ ಅಷ್ಟಾಗಿ ಸೇರುವುದಿಲ್ಲ. ಕೆಳಗೆ ಚೆಲ್ಲಿದ ಕಾಳನ್ನು ಗುಡಿಸಿ, ಇಲ್ಲದಿದ್ದರೆ ರಕೂನ್ ಕಂಬ ಹತ್ತುವ ಕಷ್ಟವನ್ನೇ ತಗೊಳ್ಳುವುದಿಲ್ಲ.

ಉತ್ತರ ಜರ್ಸಿಯ ಕರಡಿ ಇರುವ ಕಡೆಯವರು ಈ ಕೊಳವೆಯನ್ನು ನಂಬಿ ಕೂರಬೇಡಿ. ಕರಡಿ ಕಂಬವನ್ನೇ ಬಗ್ಗಿಸುತ್ತದೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಫೀಡರ್ ತೆಗೆದಿಡಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ಹುಳ ಬೇಕಾದಷ್ಟು ಸಿಗುತ್ತದೆ, ಒಂದು ತಟ್ಟೆ ನೀರು ಇಟ್ಟರೆ ಸಾಕು.