ಚರ್ಚ್ ಸ್ಟ್ರೀಟ್: ಪಬ್ಬುಗಳಿಗಿಂತ ಮೊದಲು ನೋಡಬೇಕಾದದ್ದು

ಬೆಂಗಳೂರಿನ ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ, ಎಂ.ಜಿ. ರಸ್ತೆಯ ಬೆನ್ನಿಗೆ ಸಾಗುವ ಚರ್ಚ್ ಸ್ಟ್ರೀಟ್ ಒಂದು ಕಿಲೋಮೀಟರ್ ಉದ್ದವೂ ಇಲ್ಲ. ಮೊದಲ ಬಾರಿಗೆ ಬರುವವರು ಸಾಮಾನ್ಯವಾಗಿ ಸಂಜೆಯ ದೀಪಗಳಿಗೆ ಮರುಳಾಗಿ ನೇರವಾಗಿ ಯಾವುದಾದರೊಂದು ಪಬ್ಬಿನ ಮೆಟ್ಟಿಲು ಹತ್ತುತ್ತಾರೆ. ಆದರೆ ಈ ಬೀದಿಯನ್ನು ನಗರದ ಉಳಿದ ಮೋಜಿನ ತಾಣಗಳಿಂದ ಬೇರೆಯಾಗಿಸಿರುವುದು, ಹೆಚ್ಚು ಖರ್ಚು ಮಾಡದವರನ್ನೂ ಬಹಳ ಹೊತ್ತು ಇರಲು ಬಿಡುವ ಅದರ ಹಳೆಯ ಅಂಗಡಿ ಮತ್ತು ಹೋಟೆಲುಗಳು.

ಅವುಗಳಲ್ಲಿ ಮೊದಲ ಸ್ಥಾನ ಪುಸ್ತಕದಂಗಡಿಗಳದ್ದು. ಎಂಜಿನಿಯರಿಂಗ್ ಓದುತ್ತಿದ್ದಾಗ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಮಾಯಿಗೌಡರು ಕಟ್ಟಿದ ಬ್ಲಾಸಮ್ ಬುಕ್ ಹೌಸ್ ಇಲ್ಲಿನ ದೊಡ್ಡ ಹೆಸರು. ಇಕ್ಕಟ್ಟಾದ ಮಹಡಿಗಳಲ್ಲಿ ಹೊಸದೂ ಹಳೆಯದೂ ಬೆರೆತು ಚಾವಣಿಯವರೆಗೆ ಪೇರಿಸಿರುವ ಪುಸ್ತಕಗಳ ನಡುವೆ ಹುಡುಕುವ ತಾಳ್ಮೆ ಇದ್ದವರಿಗೆ, ಬೇರೆಲ್ಲೂ ಸಿಗದ ಮುದ್ರಣಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅದೇ ಬೀದಿಯ ಬುಕ್‌ವರ್ಮ್ ಇನ್ನಷ್ಟು ವಿಶಾಲವಾಗಿದ್ದು, ಕನ್ನಡ ಪುಸ್ತಕ ಕೇಳಿಕೊಂಡು ಬಂದವರಿಗೂ ಅಲ್ಲಿ ನಿರಾಶೆಯಾಗದು. 2009ರಲ್ಲಿ ಮುಚ್ಚಿದ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ ಅನ್ನು ಬಲ್ಲ ಹಿರಿಯರು ಇವೆರಡನ್ನೂ ಅದರೊಂದಿಗೆ ಹೋಲಿಸಿ ಮೂಗು ಮುರಿಯುವುದುಂಟು. ಬಾಡಿಗೆ ಇಷ್ಟು ಏರಿರುವ ಜಾಗದಲ್ಲಿ ಪುಸ್ತಕ ಮಾರಿಯೇ ಬದುಕಿರುವುದು ಸಾಮಾನ್ಯ ಸಾಧನೆಯಲ್ಲ ಎಂಬುದು ನನ್ನ ಅಭಿಪ್ರಾಯ.

ಇಂಡಿಯನ್ ಕಾಫಿ ಹೌಸ್ ಎಂ.ಜಿ. ರಸ್ತೆಯ ತನ್ನ ಹಳೆಯ ಕಟ್ಟಡವನ್ನು ಬಿಟ್ಟು 2009ರಲ್ಲಿ ಇಲ್ಲಿಗೆ ಬಂದಿತು. ನೌಕರರ ಸಹಕಾರ ಸಂಘವೇ ನಡೆಸುವ ಈ ಹೋಟೆಲಿನಲ್ಲಿ ಬಿಳಿ ಸಮವಸ್ತ್ರ ಮತ್ತು ಪೇಟ ತೊಟ್ಟ ಮಾಣಿಗಳು ಈಗಲೂ ಕಾಫಿ ತಂದಿಡುತ್ತಾರೆ. ದೋಸೆಗಾಗಿ ಇಲ್ಲಿಗೆ ಬರಬೇಕಾಗಿಲ್ಲ, ಅದಕ್ಕೆ ಬಸವನಗುಡಿ, ಮಲ್ಲೇಶ್ವರಗಳಿವೆ. ಮಟನ್ ಕಟ್ಲೆಟ್ ಮತ್ತು ಮೊಟ್ಟೆಯ ತಿನಿಸುಗಳನ್ನು ಧಾರಾಳವಾಗಿ ಶಿಫಾರಸು ಮಾಡಬಹುದು. ಬೀದಿ ಮುಗಿಯುವಲ್ಲಿ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ, 1940ರಲ್ಲಿ ಆರಂಭವಾದ ಕೋಶೀಸ್ ಇದೆ. ಅಲ್ಲಿ ಊಟಕ್ಕಿಂತ ಮಾತೇ ಹೆಚ್ಚು ನಡೆಯುತ್ತದೆ, ಮತ್ತು ಆತುರದಲ್ಲಿರುವವರಿಗೆ ಅದು ತಕ್ಕ ಜಾಗವಲ್ಲ.

ಪಬ್ಬುಗಳ ವಿಷಯದಲ್ಲಿ ನನ್ನ ಉತ್ಸಾಹ ಕಡಿಮೆ. ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಿಂದ ಇರುವ ಪೆಕೋಸ್ ಮಾತ್ರ ಇದಕ್ಕೆ ಹೊರತು: ಕಿರಿದಾದ ಮೆಟ್ಟಿಲು, ಹಳೆಯ ರಾಕ್ ಸಂಗೀತ, ಮಗ್ಗಿನಲ್ಲಿ ಬಿಯರು, ಅಲಂಕಾರದ ಹಂಗಿಲ್ಲ. ಹೊಸದಾಗಿ ತೆರೆದ ಬಹುತೇಕ ಕಡೆ ಅದೇ ಇಟ್ಟಿಗೆಯ ಗೋಡೆ, ಅದೇ ತೂಗುದೀಪ, ಎದುರು ಕುಳಿತವರ ಮಾತೇ ಕೇಳಿಸದಷ್ಟು ಸಂಗೀತ. ಬಿಲ್ಲನ್ನು ನೋಡಿದಾಗ ಹೆಚ್ಚಿನ ಹಣ ತೆತ್ತಿದ್ದು ಜಾಗಕ್ಕೆ ಎಂಬುದು ಸ್ಪಷ್ಟವಾಗುತ್ತದೆ. ತಡರಾತ್ರಿ ಹಸಿವಾದವರಿಗೆ ಎಂಪೈರ್ ಹೋಟೆಲಿನ ಕಬಾಬು, ಪರೋಟ ಮತ್ತು ತುಪ್ಪದ ಅನ್ನ ಇದ್ದೇ ಇವೆ.

ಬೀದಿಯ ಬಗ್ಗೆಯೂ ಹೇಳಬೇಕು. ನಗರದ ರಸ್ತೆಗಳನ್ನು ಮರುವಿನ್ಯಾಸಗೊಳಿಸುವ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಗ್ರಾನೈಟ್ ಕಲ್ಲು ಹಾಸಿ 2018ರಲ್ಲಿ ಮತ್ತೆ ತೆರೆದ ಈ ರಸ್ತೆಯ ವಿಶಾಲ ಫುಟ್‌ಪಾತುಗಳಲ್ಲಿ ಚಿತ್ರ ಬರೆಯುವವರು, ಗಿಟಾರ್ ನುಡಿಸುವವರು, ಕಿವಿಯೋಲೆ ಮಾರುವವರು ವಾರಾಂತ್ಯದಲ್ಲಿ ಕಾಣಸಿಗುತ್ತಾರೆ. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ನಿಷೇಧಿಸಿದಾಗ ಇಲ್ಲಿ ನಡೆಯುವುದೇ ಒಂದು ಸುಖವಾಗಿತ್ತು. ಈಗ ಶನಿವಾರ ರಾತ್ರಿ ಕಾರುಗಳ ಸಾಲಿನ ನಡುವೆ ಡೆಲಿವರಿ ಬೈಕುಗಳು ನುಗ್ಗುತ್ತವೆ, ಹಾರ್ನ್ ನಿಲ್ಲುವುದಿಲ್ಲ. ಆ ನಿಷೇಧವನ್ನು ಕಾಯಂ ಮಾಡದಿರುವುದಕ್ಕೆ ಒಪ್ಪುವಂಥ ಕಾರಣ ನನಗಂತೂ ಕಾಣುವುದಿಲ್ಲ.

ಆದ್ದರಿಂದ ಹೋಗುವುದಾದರೆ ವಾರದ ನಡುವಿನ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ಎಂ.ಜಿ. ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಇಳಿದು ಹೋಗುವುದು ಒಳ್ಳೆಯದು. ಕಾಫಿ ಹೌಸ್ ಪಬ್ಬುಗಳಂತೆ ತಡರಾತ್ರಿಯವರೆಗೆ ತೆರೆದಿರುವುದಿಲ್ಲವಾದ್ದರಿಂದ ಅದನ್ನು ಮೊದಲು ಮುಗಿಸಿಕೊಂಡು, ಪುಸ್ತಕಗಳನ್ನು ಆಮೇಲೆ ನೋಡಬಹುದು.