ಸಾಗರದ ಹೊಸ ಸೆಲ್ಫ್ ಸ್ಟೋರೇಜ್, ಒಂದು ಮಳೆಗಾಲ ಸಾಮಾನಿಟ್ಟು ನೋಡಿದ ಮೇಲೆ

ಹಳೇ ಹೆಂಚಿನ ಮನೆ ಬಿಚ್ಚಿ ಹೊಸದು ಕಟ್ಟಿಸ್ತಾ ಇದೀವಿ, ಸಾಮಾನೆಲ್ಲ ಎಲ್ಲಿಡೋದು ಅನ್ನೋದೇ ದೊಡ್ಡ ತಲೆಬಿಸಿ ಆಗಿತ್ತು. ಅಷ್ಟೊತ್ತಿಗೆ ಸಾಗರದ ಹೊರಗೆ ಈ ಸ್ಟೋರೇಜ್ ಶುರುವಾಗಿರೋದು ಗೊತ್ತಾಯ್ತು. ಸಾಲಾಗಿ ಸಣ್ಣ ಸಣ್ಣ ಶಟರ್ ರೂಮು, ತಿಂಗಳ ಬಾಡಿಗೆ ಕಟ್ಟಿ ನಮ್ಮ ಸಾಮಾನಿಟ್ಟು ನಮ್ಮದೇ ಬೀಗ ಹಾಕ್ಕೊಂಡು ಬರೋದು. ಬೆಂಗಳೂರಲ್ಲಿ ಇದು ಹಳೇದಾಯ್ತು, ನಮ್ಮ ಕಡೆ ನಾನು ನೋಡಿದ್ದು ಇದೇ ಮೊದ್ಲು. ಮಳೆ ಹಿಡಿಯೋಕೆ ಮುಂಚೆ ಇಟ್ಟಿದ್ದು, ಈಗ ಮಳೆಗಾಲ ಮುಗಿದ ಮೇಲೆ ಎಲ್ಲಾ ಬಿಚ್ಚಿ ನೋಡಿ ಬರೀತಾ ಇದೀನಿ, ಯಾಕಂದ್ರೆ ಮಲೆನಾಡಲ್ಲಿ ಬೇಸಿಗೇಲಿ ಯಾವ ಗೋಡೌನ್ ಆದ್ರೂ ಚೆನ್ನಾಗೇ ಕಾಣತ್ತೆ.

ಇಲ್ಲಿ ಕಳ್ಳರಿಗಿಂತ ಥಂಡೀದೇ ಹೆದರಿಕೆ. ಹಳೇ ಮನೇಲಿ ಒಲೆ ಹೊಗೆ ಅಟ್ಟಕ್ಕೆ ಏರಿ ಬುಟ್ಟಿ, ಕಂಬಳಿ, ಮರದ ಸಾಮಾನೆಲ್ಲ ಒಣಗೇ ಇರ್ತಿತ್ತು, ಹುಳಾನೂ ಬೀಳ್ತಿರಲಿಲ್ಲ. ಈಗ ಎಲ್ರ ಮನೇಲೂ ಗ್ಯಾಸು, ತಾರಸಿ. ಮಕ್ಕಳ ಹತ್ರ ಬೆಂಗಳೂರಿಗೆ ಹೋದ ದೊಡ್ಡೋರು ಮಳೆಗಾಲ ಪೂರ್ತಿ ಮನೆಗೆ ಬೀಗ ಹಾಕಿರ್ತಾರೆ, ವಾಪಸ್ ಬಂದು ಕಪಾಟು ತೆಗೆದ್ರೆ ರೇಷ್ಮೆ ಸೀರೆ ಮೇಲೂ ಬೂಷ್ಟು. ಗಾಳೀಲಿ ತೇವಾಂಶ ಶೇಕಡಾ 70 ದಾಟಿ ಹಾಗೇ ನಿಂತ್ರೆ ಬೂಷ್ಟು ಬಟ್ಟೆ, ಪುಸ್ತಕ, ಮರ ಯಾವುದನ್ನೂ ಬಿಡಲ್ಲ, ಜುಲೈ ಆಗಸ್ಟಲ್ಲಿ ನಮ್ಮೂರ ಗಾಳಿ ಅದಕ್ಕಿಂತ ಎಷ್ಟೋ ಮೇಲಿರತ್ತೆ.

ಇದನ್ನ ಕಟ್ಟಿಸಿದವರಿಗೆ ಆ ಅಂದಾಜು ಸರಿಯಾಗಿದೆ, ಅದೇ ನಂಗೆ ಖುಷಿಯಾಗಿದ್ದು. ನೆಲ ರಸ್ತೆಗಿಂತ ಹೆಚ್ಚುಕಮ್ಮಿ ಸೊಂಟದೆತ್ತರಕ್ಕೆ ಎತ್ತಿದ್ದಾರೆ, ಪಾಯ ತುಂಬಿಸೋವಾಗ್ಲೇ ಒರಲೆ (ಗೆದ್ದಲು) ಔಷಧಿ ಹೊಡ್ಸಿ, ಕಾಂಕ್ರೀಟ್ ಹಾಕೋ ಮೊದ್ಲು ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿದ್ದಾರಂತೆ, ನೆಲದಿಂದ ಪಸೆ ಏರಬಾರ್ದು ಅಂತ. ಕಟ್ಟಿದ್ಮೇಲೆ ಒರಲೆ ಔಷಧಿ ಹೊಡಿಬೇಕಂದ್ರೆ ನೆಲಕ್ಕೆಲ್ಲ ತೂತು ಕೊರೀಬೇಕು, ಬೇರೆ ಊರಲ್ಲಿ ಇಂಥದ್ದು ಕಟ್ಟಿಸೋ ಯೋಚನೆ ಇರೋರು ಇದನ್ನ ದಯವಿಟ್ಟು ಮರೀಬೇಡಿ. ಮೇಲಿನ ಮಾಡು ಬರೀ ತಗಡಲ್ಲ, ಮಧ್ಯ ಫೋಮ್ ಇರೋ ಪಫ್ ಪ್ಯಾನೆಲ್. ಬರೀ ತಗಡು ಹಾಕಿದ್ರೆ ರಾತ್ರಿ ಅದು ತಣ್ಣಗಾಗಿ ಒಳಮೈ ಬೆವರಿ ಸಾಮಾನಿನ ಮೇಲೆ ತೊಟ್ಟಿಕ್ಕತ್ತೆ, ಹೊರಗಡೆ ಒಂದು ಹನಿ ಸೋರದೇ ಇದ್ರೂ. ಒಳಗೆ ಓಡಾಡೋ ಜಾಗದಲ್ಲಿ ತೇವ ಎಳಿಯೋ ಮಷೀನ್ ಇದೆ, ಪಕ್ಕದಲ್ಲೇ ತೇವಾಂಶದ ಮೀಟರ್ ನೇತು ಹಾಕಿದ್ದಾರೆ, ಜೋರು ಮಳೇಲಿ ಹೋದಾಗ್ಲೂ ಶೇಕಡಾ 58 ತೋರಿಸ್ತಿತ್ತು.

ಅಜ್ಜಿ ಕಾಲದ ಬೀಟೆ ಮಂಚದ ಮೇಲಿನ ಬಟ್ಟೆ ತೆಗೆದು ಕಾಲಿನ ಕೆತ್ತನೆ ಸಂದೀಲಿ ಬೆರಳು ಹಾಕಿ ಉಜ್ಜಿ ನೋಡ್ದೆ, ಬೆರಳಿಗೆ ಬಂದಿದ್ದು ಬರೀ ಧೂಳು. ಕಂಬಳಿ ವಾಸನೆ ಬಂದಿಲ್ಲ. ಹಮಾಲಿ ಹುಡುಗ್ರು ಗೋಡೆಗೆ ತಾಗಿಸಿಟ್ಟಿದ್ದ ಒಂದು ಪೆಟ್ಟಿಗೇಲಿ ಮಾತ್ರ ಪುಸ್ತಕದ ರಟ್ಟು ಸ್ವಲ್ಪ ಮೆತ್ತಗಾಗಿತ್ತು, ಹಂಗಾಗಿ ಗೋಡೆಯಿಂದ ಅರ್ಧ ಅಡಿ ಬಿಟ್ಟೇ ಇಡ್ಸಿ, ಕೆಳಗೆ ಇಡೋಕೆ ಮರದ ಪ್ಯಾಲೆಟ್ ಅವ್ರೇ ಕೊಡ್ತಾರೆ, ಅದಕ್ಕೆ ದುಡ್ಡಿಲ್ಲ.

ಸರಿಯಾಗಬೇಕಾದ್ದೂ ಇದೆ. ಗಾಡಿ ನಿಲ್ಸಿ ಸಾಮಾನು ಇಳಿಸೋ ಕಡೆ ಮುಂದಿನ ಮಾಡು ತೀರಾ ಗಿಡ್ಡ. ನಮ್ಮ ಮಳೆ ನೇರ ಬೀಳಲ್ಲ, ಗಾಳಿಗೆ ಅಡ್ಡ ಹೊಡಿಯತ್ತೆ, ಟೆಂಪೋ ಹಿಂಬಾಗಿಲು ತೆಗೆದ್ರೆ ಅರ್ಧ ಸಾಮಾನು ಅಲ್ಲೇ ನೆನೆಯತ್ತೆ, ಒಳಗೆ ಅಷ್ಟೆಲ್ಲ ಖರ್ಚು ಮಾಡಿ ನೆಂದ ಹಾಸಿಗೇನೇ ಒಳಗೆ ಹಾಕಿದ್ರೆ ಏನು ಪ್ರಯೋಜನ? ಕರೆಂಟ್ ಹೋದ್ರೆ ಜನರೇಟರ್ ಇದೆ, ಆದ್ರೆ ಅದರಲ್ಲಿ ಲೈಟು, ಕ್ಯಾಮೆರಾ ಮಾತ್ರ, ತೇವದ ಮಷೀನ್ ನಿಂತುಹೋಗತ್ತೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರಲ್ಲ, ಮಷೀನ್ ಬೇಕಾಗೋದೂ ಆವಾಗ್ಲೇ. ಎರಡನ್ನೂ ಹೇಳಿ ಬಂದಿದೀನಿ, ಪಕ್ಕದಲ್ಲಿ ಇನ್ನೊಂದು ಶೆಡ್ ಎಬ್ಬಿಸ್ತಾ ಇದಾರೆ, ಅದರಲ್ಲಾದ್ರೂ ಸರಿ ಮಾಡ್ಲಿ.

ಬಾಡಿಗೆ 5x10 ಅಡಿ ರೂಮಿಗೆ ತಿಂಗಳಿಗೆ 1,800, ಮೇಲೆ 18% ಜಿಎಸ್‌ಟಿ, ಒಟ್ಟು 2,124 ಬೀಳತ್ತೆ. ಎರಡು ರೂಮಿನ ಮನೆ ಸಾಮಾನು ಒತ್ತಿ ಜೋಡಿಸಿದ್ರೆ ಹಿಡಿಯತ್ತೆ. 11 ತಿಂಗಳ ಅಗ್ರಿಮೆಂಟು, ಆಧಾರ್ ಸಾಕು, ಇನ್ಶೂರೆನ್ಸ್ ಇದರಲ್ಲಿ ಸೇರಿಲ್ಲ, ಬೇಕಿದ್ರೆ ನಾವೇ ಮಾಡಿಸ್ಕೋಬೇಕು, ಬೆಲೆಬಾಳೋದು ಇಡೋರು ಈ ಸಾಲು ಓದೇ ಸೈನ್ ಹಾಕಿ. ಅಡಿಕೆ, ಅಕ್ಕಿ, ಗ್ಯಾಸ್ ಸಿಲಿಂಡರ್, ಪೆಟ್ರೋಲು ಬಿಡೋದೇ ಇಲ್ಲ. ಅಡಿಕೆ ಬೇಡ ಅಂದಿದ್ದಕ್ಕೆ ಬೈಕೊಂಡು ಹೋದೋರೂ ಇದಾರಂತೆ, ಆದ್ರೆ ಒಂದು ರೂಮಿಗೆ ಹುಳ, ಇಲಿ ಬಂದ್ರೆ ಪಕ್ಕದ ರೂಮಿಗೂ ಬರತ್ತೆ, ಅವ್ರು ಮಾಡಿದ್ದೇ ಸರಿ.

ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ತೆಗೆದಿರತ್ತೆ, ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ನಂದು ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಆ ಗಿಡ್ಡ ಮಾಡಿಗೆ. ದೊಡ್ಡ ರೂಮು ಬೇಕಾದೋರು ಏಪ್ರಿಲಲ್ಲೇ ಬುಕ್ ಮಾಡಿ, ಮೇ ಕೊನೇಗೆ ಹೋದ ನಮ್ಮ ಪಕ್ಕದ ಮನೆಯವ್ರಿಗೆ ಸಿಗಲಿಲ್ಲ.