ಒಂದೇ ಬೂದು, ನಾಲ್ಕು ಡಬ್ಬಿ

ನಮ್ಮ ಮನೆಯ ಅಲ್ಯೂಮಿನಿಯಂ ಕಿಟಕಿಗಳ ಬಣ್ಣ ರಾಲ್ 7016. ರಾಲ್ ಎಂದರೆ 1927ರಲ್ಲಿ ಜರ್ಮನಿಯಲ್ಲಿ 40 ಬಣ್ಣಗಳೊಂದಿಗೆ ಶುರುವಾದ ಪಟ್ಟಿ. ಅದರಲ್ಲಿ ಏಳರಿಂದ ಆರಂಭವಾಗುವ ಅಂಕಿಗಳೆಲ್ಲ ಬೂದು ಬಣ್ಣಗಳು. 7016ಕ್ಕೆ ಆಂಥ್ರಸೈಟ್ ಗ್ರೇ ಎಂದು ಹೆಸರು, ಅಂದರೆ ಗಟ್ಟಿ ಕಲ್ಲಿದ್ದಲಿನ ಬಣ್ಣ. ಕಿಟಕಿ ಕೂರಿಸಿದ ದಿನ ಅಮ್ಮ ಅದನ್ನು ನೋಡಿ, "ಬಚ್ಚಲ ಒಲೆಯ ಹಿಂದಿನ ಗೋಡೆಗೆ ಪುಕ್ಕಟೆ ಬರುವ ಬಣ್ಣ ಇದು, ಇದಕ್ಕೂ ದುಡ್ಡು ಕೊಟ್ಟೆಯಾ?" ಎಂದು ಕೇಳಿದ್ದಳು.

ಕಿಟಕಿಯ ಸುತ್ತ ಗೋಡೆಯ ಮೇಲೆ ಆರು ಇಂಚಿನ ಪಟ್ಟಿ ಎಳೆಸಿ, ಅದಕ್ಕೂ ಇದೇ ಬೂದು ಬಳಿಸಬೇಕು ಎಂದು ನನಗೆ ಹುಚ್ಚು ಹಿಡಿಯಿತು. ಕಿಟಕಿಗೆ ಹೊಡೆದಿರುವುದು ಕಾರ್ಖಾನೆಯ ಪೌಡರ್ ಕೋಟಿಂಗ್, ಅಂದರೆ ಪುಡಿಯನ್ನು ಬಿಸಿಯಲ್ಲಿ ಕರಗಿಸಿ ಅಂಟಿಸಿದ ಬಣ್ಣ; ಗೋಡೆಗೆ ಬೇಕಾದದ್ದು ಹೊರಾಂಗಣದ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಬಣ್ಣ. ಎರಡೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಹತ್ತು ಅಡಿ ದೂರವಿದ್ದರೆ ಯಾವ ಬೂದಾದರೂ ನಡೆಯುತ್ತದೆ. ತಾಗಿಕೊಂಡಾಗ ಕೂದಲೆಳೆಯ ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತದೆ.

ಚಿಕ್ಕಮಗಳೂರಿನ ಪೇಂಟ್ ಅಂಗಡಿಗಳಲ್ಲಿ ಯಾವ ಕಂಪನಿಯ ಬಣ್ಣಕ್ಕೂ ಕೊರತೆಯಿಲ್ಲ. ನಾನು ಮೂರು ಕಂಪನಿಗಳ ಮಾದರಿ ಡಬ್ಬಿಗಳನ್ನು, ತಲಾ 200 ಮಿ.ಲೀ. ಅಳತೆಯವನ್ನು, ತಂದೆ. ನಾಲ್ಕನೆಯದನ್ನು ನಮ್ಮ ಪೇಂಟರ್ ಕೈಯಾರೆ ಬೆರೆಸಿದರು. ಕಂಪನಿಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಬಣ್ಣ ಬೆರೆಸುವ ಯಂತ್ರದ ನಳಿಕೆ ಒಣಗಿ ಕಟ್ಟಿಕೊಂಡಿದ್ದರೆ, ಅಂಗಡಿಯ ಹುಡುಗ ಬೇಸ್ (ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟ್) ಡಬ್ಬಿ ಅದಲುಬದಲು ಮಾಡಿದರೆ, ಎಷ್ಟು ಒಳ್ಳೆಯ ಕಂಪನಿಯ ಬಣ್ಣವೂ ಕೆಡುತ್ತದೆ; ಅದನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಕಿ ಕೊಟ್ಟರೆ ಒಂದನೆಯದೇ ಮೇಲು ಎನ್ನಿಸುತ್ತದೆಂದು ಡಬ್ಬಿಗಳ ಮೇಲೆ ಕಾಫಿ, ಮೆಣಸು, ಏಲಕ್ಕಿ ಎಂದು ಬರೆದೆ. ಪೇಂಟರ್ ಬೆರೆಸಿದ್ದಕ್ಕೆ ಕೈಬೆರಕೆ ಎಂದಾಯಿತು.

ಕೈಬೆರಕೆಯ ಕಥೆ ಬೇಗ ಮುಗಿಯುತ್ತದೆ. ಬಿಳಿ ಎಮಲ್ಷನ್ನಿಗೆ ಕಪ್ಪು ಸ್ಟೇನರ್, ಅಂದರೆ ಬಾಟಲಿಯಲ್ಲಿ ಸಿಗುವ ಗಟ್ಟಿ ಬಣ್ಣ, ಹನಿಸುತ್ತ ಹೋದರೆ ಮೊದಲು ಪಾರಿವಾಳದ ರೆಕ್ಕೆಯ ಬಣ್ಣ ಬರುತ್ತದೆ, ಆಮೇಲೆ ಮಳೆಮೋಡದ ಬಣ್ಣ. ಅಲ್ಲಿಂದ ಮುಂದೆ ಸ್ಟೇನರ್ ಎಷ್ಟು ಸುರಿದರೂ ಇದ್ದಿಲಿನ ಕಪ್ಪಿಗೆ ಇಳಿಯುವುದಿಲ್ಲ. ಬಿಳಿ ಬಣ್ಣದ ತುಂಬ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ಅದು ಕಪ್ಪನ್ನು ನುಂಗುತ್ತದೆ. ನಮ್ಮ ಪೇಂಟರ್ ಹಟಕ್ಕೆ ಬಿದ್ದು ಇಡೀ ಬಾಟಲಿ ಖಾಲಿ ಮಾಡಿದರು. ಮರುದಿನ ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾಯಿತು, ನನ್ನ ಹೆಬ್ಬೆರಳೂ ಕಪ್ಪಾಯಿತು. "ತಿಳಿ ಬಣ್ಣವಾದರೆ ಯಂತ್ರಕ್ಕಿಂತ ನಾನೇ ಮೇಲು ಅಕ್ಕಾ, ಇದು ನನ್ನ ಕೈಗೆ ದಕ್ಕುವುದಿಲ್ಲ" ಎಂದು ಅವರೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವ ಪೇಂಟರ್ ಸಿಕ್ಕಿದ್ದು ನನ್ನ ಪುಣ್ಯ.

ಗಾಢ ಬಣ್ಣಗಳಿಗೆ ಬೇರೆಯೇ ಬೇಸ್ ಇರುತ್ತದೆ, ಅದರಲ್ಲಿ ಬಿಳಿ ತೀರಾ ಕಡಿಮೆ. ಒಂದು ಲೀಟರ್ ಎಂದು ಕರೆಯುವ ಡಬ್ಬಿಯಲ್ಲಿ ಸಾಮಾನ್ಯವಾಗಿ 900 ಮಿ.ಲೀ. ಬೇಸ್ ಅಷ್ಟೇ ಇದ್ದು, ಉಳಿದ ಜಾಗ ಯಂತ್ರ ಸುರಿಯುವ ಬಣ್ಣದ ಸಾರಕ್ಕೆ ಮೀಸಲು. ಅಲ್ಲಿ ಬರೀ ಕಪ್ಪು ಬೀಳುವುದಿಲ್ಲ. ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ನೀಲಿ ಎಲ್ಲ ಸ್ವಲ್ಪ ಸ್ವಲ್ಪ ಬೀಳುತ್ತವೆ. ಬೂದಿನ ಗುಣ ನಿಂತಿರುವುದು ಈ ಸ್ವಲ್ಪದ ಮೇಲೆ. ಹಳದಿ ಹೆಚ್ಚಾದರೆ ಬೂದು ಹಸಿರಿನ ಕಡೆಗೆ ವಾಲುತ್ತದೆ, ಕೆಂಪು ಹೆಚ್ಚಾದರೆ ನೇರಳೆಯ ಕಡೆಗೆ. 7016 ಸ್ವಭಾವತಃ ಚೂರು ನೀಲಿ ಬೆರೆತ ಬೂದು. ಪ್ರತಿ ಕಂಪನಿಯ ಸಾರದ ಬಲ ಬೇರೆ ಬೇರೆ, ಹಾಗಾಗಿ ಒಂದರ ಅಳತೆಯನ್ನು ಇನ್ನೊಂದರ ಯಂತ್ರಕ್ಕೆ ಕೊಡುವುದು ಮನೆಯ ಸಾರಿನ ಪುಡಿಯ ಲೆಕ್ಕದಲ್ಲಿ ಅಂಗಡಿಯ ಪುಡಿ ಸುರಿದಂತೆ.

ಮೆಣಸಿನ ಅಂಗಡಿಯಲ್ಲಿ 7016 ಎಂಬ ಅಂಕಿ ಕಂಪ್ಯೂಟರಿನಲ್ಲಿ ಸಿಗಲಿಲ್ಲ. ಹುಡುಗ ಶೇಡ್ ಕಾರ್ಡ್ ಬಿಡಿಸಿ, ಕಿಟಕಿಯ ಚೂರನ್ನು ಪಕ್ಕದಲ್ಲಿ ಹಿಡಿದು, "ಇದೇ ಮೇಡಂ, ಪಕ್ಕಾ" ಎಂದು ಒಂದು ಚೌಕದ ಮೇಲೆ ಬೆರಳಿಟ್ಟ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನನಗೂ ಪಕ್ಕಾ ಎಂದೇ ಕಂಡಿತು. ಮನೆಗೆ ತಂದು ಸಿಮೆಂಟ್ ಹಲಗೆಗೆ ಎರಡು ಕೋಟ್ ಬಳಿದು ಕಿಟಕಿಗೆ ಆನಿಸಿಟ್ಟರೆ ಮಳೆಗಾಲ ಕಳೆದ ಮೇಲೆ ಕಾಂಪೌಂಡಿನ ಮೇಲೆ ಒಣಗಿ ನಿಂತ ಪಾಚಿಯ ಬಣ್ಣ! ಒಂದಂಗುಲದ ಚೌಕದಲ್ಲಿ ಅಡಗಿ ಕುಳಿತಿದ್ದ ಹಸಿರು ಒಂದಡಿ ಹಲಗೆಯಲ್ಲಿ ಎದ್ದು ನಿಂತಿತ್ತು. ಬಣ್ಣ ಕೆಟ್ಟದ್ದೇನಲ್ಲ, ಒಂಟಿಯಾಗಿ ನೋಡಿದರೆ ನಾಲ್ಕರಲ್ಲಿ ಅದೇ ಚೆಂದ. ಆದರೆ ನನಗೆ ಬೇಕಾದದ್ದು ಜೋಡಿ.

ಕಾಫಿಯ ಅಂಗಡಿಯ ಯಂತ್ರಕ್ಕೆ ರಾಲ್ ಪಟ್ಟಿ ಗೊತ್ತಿತ್ತು. ಅಂಕಿ ಒತ್ತಿದರು, ತಟ್ಟೆ ತಿರುಗಿತು, ನಾಲ್ಕು ನಳಿಕೆಗಳಿಂದ ದಾರದಂತೆ ಬಣ್ಣ ಇಳಿಯಿತು, ಡಬ್ಬಿಯನ್ನು ಕುಲುಕುವ ಪೆಟ್ಟಿಗೆಗೆ ಹಾಕಿದರು. ಐದು ನಿಮಿಷದ ಕೆಲಸ. ಹಗಲಿನಲ್ಲಿ ಆ ಹಲಗೆ ಮತ್ತು ಕಿಟಕಿ ಎಷ್ಟು ಚೆನ್ನಾಗಿ ಕೂಡಿದವೆಂದರೆ, ಹುಡುಕಾಟ ಮುಗಿಯಿತು ಎಂದು ಪೇಂಟರಿಗೆ ಫೋನ್ ಕೂಡ ಮಾಡಿಬಿಟ್ಟೆ. ಸಂಜೆ ಪೋರ್ಟಿಕೋದ ಹಳದಿ ದೀಪ ಹಾಕಿದಾಗ ಹಲಗೆ ನೇರಳೆಗೆ ತಿರುಗಿತು. ಬದನೆಕಾಯಿಯಷ್ಟಲ್ಲ, ನೇರಳೆ ಹಣ್ಣು ತಿಂದ ನಾಲಿಗೆಯಷ್ಟು. ಕಿಟಕಿ ಮಾತ್ರ ಮೊದಲಿನಂತೆಯೇ ಇತ್ತು.

ಇದು ಕಣ್ಣಿನ ಭ್ರಮೆಯಲ್ಲ. ಎರಡು ಬಣ್ಣಗಳು ಬೇರೆ ಬೇರೆ ಸಾರಗಳಿಂದ ಆಗಿದ್ದರೂ ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಆಗಿ ಕಾಣಬಹುದು. ಬೆಳಕು ಬದಲಾದರೆ ಒಂದೊಂದು ಸಾರವೂ ಅದನ್ನು ತನ್ನದೇ ರೀತಿಯಲ್ಲಿ ಹೀರಿ, ತನ್ನದೇ ರೀತಿಯಲ್ಲಿ ತಿರುಗಿ ಕೊಡುತ್ತದೆ. ಬಣ್ಣದ ವಿಜ್ಞಾನದಲ್ಲಿ ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಹಗಲಿಗೆ ಅವಳಿ, ರಾತ್ರಿಗೆ ದಾಯಾದಿ. ಅಂದಿನಿಂದ ಹಲಗೆಗಳನ್ನು ದಿನಕ್ಕೆ ಮೂರು ಹೊತ್ತು ನೋಡುವುದನ್ನು ರೂಢಿ ಮಾಡಿಕೊಂಡೆ: ಮುಳ್ಳಯ್ಯನಗಿರಿ ಮಂಜಿನಲ್ಲಿ ಮುಳುಗಿರುವ ಬೆಳಗ್ಗೆ ಒಮ್ಮೆ, ನೆತ್ತಿಯ ಬಿಸಿಲಿನಲ್ಲಿ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ಎದುರು ಮನೆಯವರು ನಾನು ಹಲಗೆಗಳಿಗೆ ಪೂಜೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

ಏಲಕ್ಕಿಯ ಅಂಗಡಿಯಲ್ಲಿ ಬಣ್ಣ ಅಳೆಯುವ ಸಲಕರಣೆ ಇತ್ತು. ಕಿಟಕಿ ಮಾಡಿದವರಿಂದ ಕೇಳಿ ತಂದ ಗೇಣುದ್ದದ ಅಲ್ಯೂಮಿನಿಯಂ ತುಂಡನ್ನು ಕೊಟ್ಟೆ. ಅಂಗಡಿಯವರು ಅದರ ಮೇಲೆ ಸಲಕರಣೆಯ ಕಣ್ಣನ್ನು ಒತ್ತಿ ಹಿಡಿದರು. ಪೌಡರ್ ಕೋಟಿಂಗಿನ ಮೇಲ್ಮೈ ಮರಳು ಚೆಲ್ಲಿದಂತೆ ತರಿತರಿ, ಮೇಲೆ ನನ್ನ ಬೆರಳಿನ ಜಿಡ್ಡು ಬೇರೆ. ಮೊದಲ ಎರಡು ಸಲ ಎರಡು ಬಗೆಯ ಉತ್ತರ ಬಂತು. ಆಗ ಆ ಮನುಷ್ಯ ಅಂಗಿಯ ತುದಿಯಿಂದ ತುಂಡನ್ನು ಒರೆಸಿ, ಐದು ಜಾಗಗಳಲ್ಲಿ ಅಳೆದು ಸರಾಸರಿ ತೆಗೆದರು. ತೆರೆಯ ಮೇಲೆ ಡೆಲ್ಟಾ ಇ 0.8 ಎಂದು ಬಂತು. ಬೇಕಾದ ಬಣ್ಣಕ್ಕೂ ಯಂತ್ರ ಕೊಡಬಲ್ಲ ಬಣ್ಣಕ್ಕೂ ಇರುವ ಅಂತರದ ಅಳತೆ ಅದು. ಒಂದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ.

ಆದರೂ ಹಲಗೆ ಒಣಗಿದ ಮೇಲೆ ಕಿಟಕಿಗಿಂತ ಒಂದು ಮೆಟ್ಟಿಲು ತಿಳಿಯಾಗಿಯೇ ಕಂಡಿತು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಹೊತ್ತು ಅಷ್ಟೇ ತಿಳಿ. ನೇರಳೆಯೂ ಇಲ್ಲ, ಹಸಿರೂ ಇಲ್ಲ. ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ನಾನು ತಂದದ್ದು ಮ್ಯಾಟ್. ಹೊಳಪಿಲ್ಲದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಗಾಢ ಬಣ್ಣದ ಮೇಲೆ ತೆಳುವಾಗಿ ಬೂದಿ ಎರಚಿದಂತೆ ಕಾಣುತ್ತದೆ. ಹಲಗೆಯ ಅರ್ಧಕ್ಕೆ ನೀರು ಸವರಿ ನೋಡಿದೆ: ಒದ್ದೆಯಾದ ಭಾಗ ಕಿಟಕಿಯ ಬಣ್ಣವೇ ಆಯಿತು. ಬಣ್ಣ ಸರಿಯಿತ್ತು, ಹೊಳಪು ತಪ್ಪಿತ್ತು.

ಕಾಫಿಯನ್ನು ಇನ್ನೊಮ್ಮೆ ಪರೀಕ್ಷಿಸದೆ ಬಿಟ್ಟದ್ದು ಅನ್ಯಾಯ ಎನ್ನಿಸಿ ಒಂದು ಲೀಟರಿನ ಡಬ್ಬಿಯನ್ನೂ ಮಾಡಿಸಿದೆ. ನೇರಳೆ ಅರ್ಧಕ್ಕರ್ಧ ಇಳಿದಿತ್ತು! 200 ಮಿ.ಲೀ. ಡಬ್ಬಿಗೆ ಬೀಳಬೇಕಾದ ಕೆಂಪು ಅಥವಾ ನೀಲಿ ತೀರಾ ಸ್ವಲ್ಪ. ಅಲ್ಲಿ ಯಂತ್ರ ಚೂರು ಹೆಚ್ಚು ಕಡಿಮೆ ಮಾಡಿದರೂ ಬಣ್ಣದ ಜಾತಕವೇ ಬದಲಾಗುತ್ತದೆ. ದೊಡ್ಡ ಡಬ್ಬಿಯಲ್ಲಿ ಅದೇ ತಪ್ಪು ಕರಗಿಹೋಗುತ್ತದೆ. ಹಾಗಾಗಿ ಗಾಢ ಬೂದಿನ ವಿಷಯದಲ್ಲಿ ಮಾದರಿ ಡಬ್ಬಿಯನ್ನು ನೋಡಿ ಒಂದು ಕಂಪನಿಯನ್ನು ತಳ್ಳಿಹಾಕುವುದೂ ಸರಿಯಲ್ಲ, ಒಪ್ಪಿಕೊಳ್ಳುವುದೂ ಸರಿಯಲ್ಲ. ಆದರೂ ಉಳಿದ ಅರ್ಧ ನೇರಳೆ ದೀಪದ ಕೆಳಗೆ ನನಗೆ ಕಾಣುತ್ತಲೇ ಇತ್ತು.

ಕೊನೆಗೆ ಗೋಡೆಯ ಪಟ್ಟಿಗೆ ಏಲಕ್ಕಿಯನ್ನೇ ಶೀನ್ ಎಂಬ ಮೆಲುಹೊಳಪಿನಲ್ಲಿ ನಾಲ್ಕು ಲೀಟರ್ ಮಾಡಿಸಿದೆ. ಹೊಳಪು ಬದಲಾದರೆ ಬೇಸ್ ಬದಲಾಗುತ್ತದೆ, ಬೇಸ್ ಬದಲಾದರೆ ಸೂತ್ರವೂ ಬದಲಾಗುತ್ತದೆ. ಅದಕ್ಕಾಗಿ ಹಳೆಯ ಸೂತ್ರದ ಚೀಟಿಯನ್ನು ಬದಿಗಿಟ್ಟು ತುಂಡನ್ನು ಮತ್ತೆ ಅಳೆಸಿದೆ. ಗಾಢ ಬೇಸಿನಲ್ಲಿ ಬಿಳಿ ಕಡಿಮೆಯಾದ್ದರಿಂದ ಅದು ಗೋಡೆಯನ್ನು ಬೇಗ ಮುಚ್ಚುವುದಿಲ್ಲ. ಬಿಳಿ ಪ್ರೈಮರಿನ ಮೇಲೆ ಎರಡು ಕೋಟ್ ಆದರೂ ಬ್ರಷ್ಷಿನ ಗೆರೆ ಕಾಣುತ್ತಿತ್ತು. ಪೇಂಟರ್ ಮುಂದಿನ ಕಿಟಕಿಗೆ ತಮ್ಮ ಕೈಬೆರಕೆಯ ಬೂದನ್ನು ಪ್ರೈಮರಿಗೆ ಬೆರೆಸಿ ಬಳಿದರು, ಅಲ್ಲಿ ಎರಡೇ ಕೋಟಿಗೆ ಮುಚ್ಚಿತು. ವ್ಯರ್ಥವಾಯಿತು ಎಂದುಕೊಂಡಿದ್ದ ಡಬ್ಬಿ ಅಲ್ಲಿ ಕೆಲಸಕ್ಕೆ ಬಂತು.

ಗೇಟಿಗೆ ಕಾಫಿ ಕಂಪನಿಯ ಎನಾಮೆಲ್, ಅದೇ 7016 ಅಂಕಿಯದು. ಗೇಟ್ ಕಿಟಕಿಯಿಂದ ಇಪ್ಪತ್ತು ಅಡಿ ದೂರ, ಯಾರೂ ಹೋಲಿಸಿ ನೋಡುವುದಿಲ್ಲ. ಏಲಕ್ಕಿಯ ಡಬ್ಬಿಯ ಮುಚ್ಚಳದ ಮೇಲಿದ್ದ ಸೂತ್ರದ ಚೀಟಿಯನ್ನು ಬಿಡಿಸಿ, ಅಲ್ಯೂಮಿನಿಯಂ ತುಂಡಿನ ಹಿಂಭಾಗಕ್ಕೆ ಅಂಟಿಸಿ, ಮೀಟರ್ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ.

ಮೆಣಸಿನ ಡಬ್ಬಿಯಲ್ಲಿ ಉಳಿದಿದ್ದನ್ನು ಅಮ್ಮ ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ಹಿತ್ತಲಿನ ಆಂಥೂರಿಯಂ ಕುಂಡಗಳಿಗೆಲ್ಲ ಬಳಿದಳು. "ಈ ಬಣ್ಣ ಎಷ್ಟು ಲಕ್ಷಣವಾಗಿದೆ ನೋಡು, ಕಿಟಕಿಗೂ ಇದನ್ನೇ ಹೊಡೆಸಬಹುದಿತ್ತು" ಎಂದಳು.